ಅಣ್ಣನ ಎದೆಯ ಮೇಲಿದ್ದ ಕಲ್ಲಿನ ಹುಳ

ಆ ನಾಲ್ಕು ವಸ್ತುಗಳನ್ನು ನಾನು ಮೊದಲು ನೋಡಿದ್ದು ಅಕ್ಕಿ ಆರಿಸುವ ಮೊರದಲ್ಲಿ. ಶಿವಮೊಗ್ಗದ ಕೋಟೆಯಲ್ಲಿದ್ದ ನಮ್ಮ ಮನೆಯ ಪಡಸಾಲೆಯಲ್ಲಿ ಅತ್ತಿಗೆ ಮೊರ ಹಿಡಿದು ಕೂತಿದ್ದಳು. ಯುದ್ಧ ಮುಗಿದಿತ್ತು, ರೇಷನ್ ಅಕ್ಕಿಯಲ್ಲಿ ಕಲ್ಲು ಮುಗಿದಿರಲಿಲ್ಲ. ಅಣ್ಣನ ಗೆಳೆಯ ಮಿಲಿಟರಿಯಿಂದ ಬಿಡುಗಡೆಯಾಗಿ ಬಂದ ಹೊಸತು. ಆತ ಜೇಬಿನಿಂದ ಸಿಗರೇಟಿನ ತಗಡು ಡಬ್ಬಿಯೊಂದನ್ನು ತೆಗೆದು, "ಇವೂ ಕಲ್ಲೇ ಅಕ್ಕಾ, ಇವನ್ನೂ ಆರಿಸಿ" ಎಂದು ಮೊರದೊಳಕ್ಕೆ ಸುರಿದ.

ಆತ ಎಂದು ಈಗ ಬರೆಯುತ್ತಿದ್ದೇನೆ. ಆಗ ಅವರು ಎನ್ನುತ್ತಿದ್ದೆ. ನನ್ನನ್ನು ಆತನಿಗೆ ಕೊಡುವುದೆಂದು ಎರಡೂ ಮನೆಯ ಹಿರಿಯರು ಮಾತಾಡಿ ವೀಳ್ಯ ಬದಲಾಯಿಸಿದ್ದರು. ನಾನು ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬೇಸಿಗೆ ರಜೆಯಲ್ಲಿ ಮದುವೆ ಎಂದಾಗಿತ್ತು.

ಅಣ್ಣನೂ ಆತನೂ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಶೆಡ್ಡಿನಲ್ಲಿ ಮೋಟಾರು ಕಲಿತವರು. ಯುದ್ಧ ಬಂದಾಗ ಆತ ಸೇನೆಗೆ ಸೇರಿ ಈಜಿಪ್ಟಿನಲ್ಲಿ ಲಾರಿ ಓಡಿಸಿದ. ಅಣ್ಣ ಇಲ್ಲೇ ಉಳಿದು, ಪೆಟ್ರೋಲು ಸಿಗದ ಆ ವರ್ಷಗಳಲ್ಲಿ ಇದ್ದಿಲು ಗ್ಯಾಸಿನ ಬಸ್ಸು ಓಡಿಸಿದ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಗಂಡುದಿಕ್ಕು ಎಂದರೆ ಅಣ್ಣ ಒಬ್ಬನೇ.

ಮೊರದಲ್ಲಿ ಬಿದ್ದದ್ದನ್ನು ನಾವೆಲ್ಲ ಬಗ್ಗಿ ನೋಡಿದೆವು. ಒಂದು ಕಣ್ಣು, ಹಸಿರು ಬೆರೆತ ನೀಲಿ, ಮೇಲೆ ಗಾಜಿನಂಥ ಹೊಳಪು, ಕೆಳಗೆ ಕಣ್ಣೀರು ಇಳಿದ ಹಾಗೆ ಒಂದು ಗೆರೆ. ಒಂದು ಪುಟ್ಟ ಕಂಬ. ತಲೆಯ ಹತ್ತಿರ ಅಡ್ಡಪಟ್ಟಿಗಳು. ಕೆಂಪು ಕಲ್ಲಿನಲ್ಲಿ ಕೆತ್ತಿದ ಒಂದು ಗಂಟು. ಸೊಂಟಪಟ್ಟಿಯ ಎರಡು ತುದಿ ಇಳಿಬಿದ್ದಂತೆ. ನಾಲ್ಕನೆಯದು ಕಡುಹಸಿರು ಕಲ್ಲಿನ ಹುಳ. ನಿಂಬೆಯ ಹೋಳಿನಷ್ಟು ಗಾತ್ರ, ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಹೊಟ್ಟೆಯ ಮೇಲೆ ಸಾಲುಸಾಲಾಗಿ ಹಕ್ಕಿ, ಹಾವು, ಗರಿಯ ಚಿತ್ರಗಳು. ಅವು ಅಕ್ಷರಗಳು ಎಂದು ಆತ ಹೇಳಿದ.

"ಇದೇನಿದು, ಸಗಣಿ ಹುಳ ಅಲ್ವಾ?" ಎಂದಳು ಅತ್ತಿಗೆ, ಬೆರಳು ಹಿಂದಕ್ಕೆಳೆದುಕೊಂಡು.

"ಅದೇ. ಅವರಿಗೆ ದೇವರು."

"ಥೂ, ಊಟದ ಅಕ್ಕಿ ಆರಿಸೋ ಮೊರದಲ್ಲಿ!"

ಅಣ್ಣ ನಕ್ಕ. "ನೀನು ಹಣೆ ತುಂಬ ಬಳ್ಕೊಂಡಿರೋದು ಏನು ಮಾರಾಯ್ತಿ? ಸಗಣಿ ಸುಟ್ಟ ಬೂದಿ ತಾನೆ? ನಾವು ಸಗಣಿಗೆ ಕೈ ಮುಗಿದ್ವಿ, ಅವರು ಅದರ ಹುಳಕ್ಕೆ ಮುಗಿದ್ರು. ದೂರದ ನೆಂಟ್ರು."

ಆತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ವಿವರಿಸಿದ. ಈಜಿಪ್ಟಿನ ಒಂದು ಮ್ಯೂಸಿಯಮ್ಮಿನ ಬಾಗಿಲಲ್ಲಿ ಕೂರುತ್ತಿದ್ದ ಒಬ್ಬ ಮುದುಕ, ಇಂಗ್ಲಿಷನ್ನೂ ಹಿಂದೂಸ್ತಾನಿಯನ್ನೂ ಮುರಿದು ಮುರಿದು ಮಾತಾಡಿ, ಇವನ್ನು ಕೊಟ್ಟು ಇವುಗಳ ಕಥೆಯನ್ನೂ ಹೇಳಿದನಂತೆ. ನಿಜವಾದವೋ, ಸಿಪಾಯಿಗಳಿಗೆಂದೇ ನಿನ್ನೆ ಮೊನ್ನೆ ಕೆತ್ತಿದವೋ ಆತನಿಗೂ ಗೊತ್ತಿರಲಿಲ್ಲ.

"ಸಾವಿರಾರು ವರ್ಷದ ಹಿಂದಿನ ಮಾತು. ದೊಡ್ಡೋರು ಸತ್ರೆ ಹೊಟ್ಟೆ ಸೀಳಿ ಒಳಗಿದ್ದದ್ದು ತೆಗೆದು, ಉಪ್ಪಲ್ಲಿ ಒಣಗಿಸಿ, ಬಟ್ಟೆ ಸುತ್ತಿ ಇಡೋರು. ಸುತ್ತೋವಾಗ ಪದರ ಪದರಕ್ಕೂ ಇಂಥವನ್ನ ಸೇರಿಸೋರು."

"ತಾಯಿತ ಅನ್ನಿ," ಎಂದೆ ನಾನು.

"ತಾಯಿತಾನೇ. ಆದ್ರೆ ನಾವು ಬದುಕಿರೋರಿಗೆ ಕಟ್ತೀವಿ. ಅವರು ಸತ್ತೋರಿಗೂ ಕಟ್ಟೋರು."

"ಸತ್ತ ಮೇಲೆ ಇನ್ನೇನು ಭಯ ಮಾರಾಯ?" ಎಂದ ಅಣ್ಣ.

"ಅವರಿಗೆ ಭಯ ಶುರುವಾಗೋದೇ ಅಲ್ಲಿಂದ ಕಣೋ. ದಾರಿ ಉದ್ದ ಇದೆ, ಹಾವಿದೆ, ಬೆಂಕಿ ಇದೆ. ಈ ಕಣ್ಣು ಒಬ್ಬ ದೇವರದ್ದು. ಶತ್ರು ಕಿತ್ತು ಹಾಕಿದ್ದ, ಮತ್ತೆ ಕೂಡಿಕೊಂಡು ಇಡಿಯಾಯ್ತು. ಇದನ್ನಿಟ್ರೆ ಮೈ ಮುಕ್ಕಾಗಲ್ಲ. ಈ ಕಂಬ ಸತ್ತೋರ ಅರಸ ಅಂತಾರಲ್ಲ, ಆ ದೇವರ ಬೆನ್ನುಮೂಳೆ. ಕುತ್ತಿಗೆ ಹತ್ರ ಇಟ್ರೆ ಹೆಣ ಬೆನ್ನು ನೆಟ್ಟಗೆ ಮಾಡಿ ಎದ್ದು ಕೂರುತ್ತೆ."

"ನಮ್ಮೋರು ಕಂಬ ಇಲ್ದೇನೇ ಕೂತ್ಕೋತಾರೆ," ಎಂದ ಅಣ್ಣ. ನಮ್ಮದು ಲಿಂಗ ಕಟ್ಟುವ ಮನೆತನ; ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಸಮಾಧಿ ಮಾಡುತ್ತೇವೆ.

ಆತನೂ ನಮ್ಮವನೇ. ನಕ್ಕು ಮುಂದುವರಿಸಿದ. "ಈ ಗಂಟು ಆ ದೇವರ ಹೆಂಡತೀದು. ಅವಳ ರಕ್ತ. ಅದಕ್ಕೇ ಕೆಂಪು. ತಾಯಿ ಮಡಿಲಲ್ಲಿ ಮಗು ಇದ್ದಂಗೆ ಕಾಯುತ್ತೆ."

"ಹುಳ?" ಎಂದೆ.

"ಅದು ದೊಡ್ಡದು. ಕೇಳಿ, ಮಿದುಳನ್ನ ಮೂಗಿಂದ ಎಳೆದು ಬಿಸಾಡೋರು. ಕರುಳು, ಶ್ವಾಸಕೋಶ ಎಲ್ಲ ತೆಗೆದು ಮಡಕೆಗೆ ಹಾಕೋರು. ಗುಂಡಿಗೆ ಒಂದನ್ನ ಮಾತ್ರ ಒಳಗೇ ಬಿಡೋರು. ಯಾಕೆ ಹೇಳಿ?"

ಉತ್ತರವನ್ನೂ ತಾನೇ ಹೇಳಿದ.

"ಸಾಕ್ಷಿಗೆ. ಅಲ್ಲಿ ಹೋದ ಮೇಲೆ ತಕ್ಕಡಿ ಇರುತ್ತೆ. ಒಂದು ತಟ್ಟೇಲಿ ಗುಂಡಿಗೆ, ಇನ್ನೊಂದರಲ್ಲಿ ಒಂದು ಗರಿ. ಗರಿ ಅಂದ್ರೆ ಸತ್ಯ. ನೀನು ಬಾಯಲ್ಲಿ ಏನೇ ಹೇಳು, ಗುಂಡಿಗೆ ಎದ್ದು ಇದ್ದದ್ದು ಇದ್ದಂಗೆ ಹೇಳ್ಬಿಡುತ್ತೆ. ಭಾರ ಆಯ್ತೋ, ಪಕ್ಕದಲ್ಲಿ ಮೊಸಳೆ ಮೂತೀದು ಒಂದು ಕೂತಿರುತ್ತೆ, ನುಂಗುತ್ತೆ. ಆಮೇಲೆ ನೀನು ಎಲ್ಲೂ ಇಲ್ಲ. ಅದಕ್ಕೇ ಈ ಹುಳ. ಎದೆ ಮೇಲೆ ಇಟ್ಟು ಮಂತ್ರ ಬರೆಯೋರು, ನನ್ನ ವಿರುದ್ಧ ಸಾಕ್ಷಿಗೆ ನಿಲ್ಲಬೇಡ ಅಂತ. ಎದೆ ಬಾಯಿ ಮುಚ್ಚಿಸೋ ತಾಯಿತ ಇದು."

ಅಣ್ಣ ಹುಳವನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿದ. "ಇಷ್ಟು ಭಾರದ್ದು ಬೇಕಾಗಿತ್ತಾ! ಏನೇನು ಮಾಡಿದ್ದರೋ ಪಾಪ," ಎಂದು ವಾಪಸು ಕೊಟ್ಟ.

ಅವ್ವ ಅಡುಗೆಮನೆಯಿಂದ, "ಸಾವಿನ ಸಾಮಾನೆಲ್ಲ ಡಬ್ಬಿಗೆ ಹಾಕ್ರಪ್ಪ, ಮದುವೆ ಮನೆ ಇದು," ಎಂದು ಕೂಗಿದಳು. ಕಣ್ಣನ್ನು ಮದುವೆಯಾದ ಮೇಲೆ ನನಗೆ ಕೊಡುವುದಾಗಿ ಆತ ಹೇಳಿದ. ನಾಲ್ಕೂ ಡಬ್ಬಿಗೆ ಹೋದವು.

ಆ ದಿನಗಳಲ್ಲಿ ಅಣ್ಣನ ಬಸ್ಸು ಶಿವಮೊಗ್ಗದಿಂದ ಭದ್ರಾವತಿಗೆ, ಅಲ್ಲಿಂದ ಹೊಳೆಹೊನ್ನೂರಿಗೆ ಹೋಗಿ ಬರುತ್ತಿತ್ತು. ಆತನಿಗೆ ಭದ್ರಾವತಿಯಲ್ಲಿ ಲಾರಿ ಓಡಿಸುವ ಕೆಲಸ ಸಿಗುವುದರಲ್ಲಿತ್ತು. ಅಲ್ಲಿಯವರೆಗೆ ಸುಮ್ಮನೆ ಕೂರಲಾರದೆ ಅಣ್ಣನ ಜೊತೆ ಬಸ್ಸಿನಲ್ಲಿ ಸುತ್ತುತ್ತಿದ್ದ.

ಇದ್ದಿಲು ಬಸ್ಸಿನ ಬಗ್ಗೆ ಒಂದು ಮಾತು ಹೇಳಬೇಕು. ಹಿಂದುಗಡೆ ಒಲೆಯಂಥ ದೊಡ್ಡ ಸಿಲಿಂಡರು, ಅದರಲ್ಲಿ ಇದ್ದಿಲು ಉರಿದು ಬರುವ ಗ್ಯಾಸಿನಿಂದ ಎಂಜಿನು ನಡೆಯುತ್ತಿತ್ತು. ಶಕ್ತಿ ಕಡಿಮೆ. ಏರು ಬಂದರೆ ಏದುಸಿರು. ಆದ್ದರಿಂದ ಏರಿನ ಮುಂಚೆ ಇಳಿಜಾರು ಇದ್ದರೆ ಬ್ರೇಕು ಮುಟ್ಟಬಾರದು. ಇಳಿಜಾರಿನಲ್ಲಿ ಬಂದ ಓಟದಲ್ಲೇ ಏರು ಹತ್ತಿಸಬೇಕು. ಇದನ್ನು ಅಣ್ಣ ಊಟಕ್ಕೆ ಕೂತಾಗ ತಟ್ಟೆಯ ಅಂಚಿನಲ್ಲಿ ಬೆರಳು ಓಡಿಸಿ ನನಗೆ ತೋರಿಸಿದ್ದ. "ಇಳಿಜಾರಲ್ಲಿ ಹೆದರಿದೋನು ಏರಲ್ಲಿ ಕೆಟ್ಟ," ಎನ್ನುತ್ತಿದ್ದ. ಪೆಟ್ರೋಲು ಗಾಡಿ ಓಡಿಸಿದವರಿಗೆ ಇದು ಮೈಗೆ ಹತ್ತುವುದಿಲ್ಲ ಎಂದೂ ಹೇಳಿದ್ದ. ಅವರಿಗೆ ಇಳಿಜಾರು ಕಂಡರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ.

ಹೊಳೆಹೊನ್ನೂರಿನ ಸಂತೆ ದಿನ ಸಂಜೆ, ಊರು ಬಿಟ್ಟು ಭದ್ರಾವತಿ ಕಡೆಗೆ ಬರುವ ದಾರಿಯಲ್ಲಿ, ಒಂದು ಮೋರಿಯ ಹತ್ತಿರ ಬಸ್ಸು ಏರು ಹತ್ತಲಾರದೆ ನಿಂತು, ಹಿಂದಕ್ಕೆ ಜಾರಿ, ಗದ್ದೆಗೆ ಉರುಳಿತು. ಅಣ್ಣ ಸತ್ತ. ಹೊಳೆಹೊನ್ನೂರಿನ ಒಬ್ಬ ವಯಸ್ಸಾದ ರೈತನೂ ಸತ್ತ. ಹಲವರಿಗೆ ಪೆಟ್ಟಾಯಿತು. ಬಸ್ಸಿನ ಮುಂಭಾಗದಲ್ಲಿ ಅಣ್ಣ, ಆತ, ಅವರ ಹಿಂದಿನ ಹೆಂಗಸರ ಸೀಟಿನಲ್ಲಿ ಜನ್ನಾಪುರದ ಒಬ್ಬ ತರಕಾರಿ ಮಾರುವ ಹೆಂಗಸು, ಇಷ್ಟೇ ಜನ. ಅವರ ಹಿಂದೆ ಸಂತೆಯ ಮೂಟೆಗಳನ್ನು ಚಾವಣಿಯವರೆಗೂ ಒಟ್ಟಿದ್ದರು. ಹಿಂದೆ ಕೂತವರಿಗೆ ಮುಂದಿನದು ಏನೂ ಕಾಣುತ್ತಿರಲಿಲ್ಲ.

ಅಣ್ಣನನ್ನು ಮರುದಿನ ಬೆಳಗ್ಗೆ ಎತ್ತಿನ ಗಾಡಿಯಲ್ಲಿ ತಂದರು. ಆತ ಜೊತೆಗೆ ಬಂದ. ಹಣೆಗೆ ಪಟ್ಟಿ, ಎಡಗೈ ಕೊರಳಿಗೆ ಕಟ್ಟಿದ್ದರು. ಉಳಿದ ಒಂದೇ ಕೈಯಲ್ಲಿ ಅಣ್ಣನಿಗೆ ನೀರು ಹುಯ್ದು ಸ್ನಾನ ಮಾಡಿಸಿದವನೂ ಆತನೇ. ಮೈ ಒರೆಸಿ, ಪಂಚೆ ಉಡಿಸಿ, ಎದೆಗೆ ಶಲ್ಯ ಸುತ್ತಿ, ಗೋಡೆಗೆ ಆನಿಸಿ ಕೂರಿಸಿದರು. ಬೀಳದಂತೆ ಕಂಕುಳಿನ ಕೆಳಗಿಂದ ಬಟ್ಟೆ ಹಾಯಿಸಿ ಗೋಡೆಯ ಗೂಟಕ್ಕೆ ಕಟ್ಟಿದರು. ಎಡ ಅಂಗೈಯಲ್ಲಿ ಅವನ ಲಿಂಗ ಇಟ್ಟರು. ಹುಟ್ಟಿದಾಗ ಕಟ್ಟಿದ್ದು ಅದು. ಮಣ್ಣಿನವರೆಗೂ ಅದೊಂದೇ ಜೊತೆ.

ಮಠದ ಅಯ್ಯನವರು ಬಂದು ಎದುರು ಕೂತು, "ಉಡಿದಾರ ತೆಗೆದ್ರಾ? ಉಂಗುರ? ಲಿಂಗ ಒಂದು ಬಿಟ್ಟು ಮೈ ಮೇಲೆ ಇನ್ನೇನೂ ಇರಬಾರದು. ಒಂದ್ಸಲ ನೋಡಮ್ಮ," ಎಂದರು. ಅತ್ತಿಗೆ ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ವಿಭೂತಿ ಹಚ್ಚಲು ಹತ್ತಿರ ಕೂತಿದ್ದವಳು ನಾನು. ಶಲ್ಯದ ಮಡಿಕೆ ಸರಿಮಾಡಲು ಕೈ ಹಾಕಿದೆ. ಎದೆಯ ಎಡಭಾಗದಲ್ಲಿ, ಬಟ್ಟೆಯ ಒಳಮಡಿಕೆಯಲ್ಲಿ, ತಣ್ಣನೆಯ ಭಾರವಾದ ಒಂದು ವಸ್ತು ಸಿಕ್ಕಿತು. ನೋಡುವ ಮೊದಲೇ ಬೆರಳಿಗೆ ಗೊತ್ತಾಯಿತು. ಉಬ್ಬು ಬೆನ್ನು, ಚಪ್ಪಟೆ ಹೊಟ್ಟೆ.

ಅಯ್ಯನವರ ಕಣ್ಣಿಗೆ ಬಿದ್ದರೆ ದೊಡ್ಡ ಮಾತಾಗುತ್ತದೆಂದು ಸೆರಗಿನಲ್ಲಿ ಸುತ್ತಿಕೊಂಡೆ. "ಏನೂ ಇಲ್ಲ," ಎಂದೆ. ಆಗ ಇನ್ನೇನೂ ಇರಲಿಲ್ಲ.

ಆ ಹೊತ್ತಿನಲ್ಲಿ ನನಗಾದದ್ದನ್ನು ಇದ್ದ ಹಾಗೇ ಹೇಳಬೇಕು. ನನಗೆ ಅನುಮಾನ ಬರಲಿಲ್ಲ. ಅಳು ಬಂತು. ತಾನು ಕಡಲಾಚೆಯಿಂದ ತಂದ ವಸ್ತುವನ್ನು ಗೆಳೆಯನ ಎದೆಯ ಮೇಲೆ ಇಟ್ಟು ಕಳಿಸಿದನಲ್ಲ ಎಂದು ಆತನ ಮೇಲೆ ಪ್ರೀತಿ ಉಕ್ಕಿತು. ಅಣ್ಣನಿಲ್ಲದ ಮನೆಯಲ್ಲಿ ಇನ್ನು ಇವರೊಬ್ಬರು ಇದ್ದಾರೆ ಎಂದುಕೊಂಡೆ. ಸಮಾಧಿಯ ಗುಂಡಿಗೆ ಇಳಿದು ಅಣ್ಣನನ್ನು ಹಿಡಿದು ಕೂರಿಸಿದವರಲ್ಲಿ ಆತನೂ ಒಬ್ಬ. ನಾನು ಮೇಲಿನಿಂದ ನೋಡುತ್ತಿದ್ದೆ. ಮೊದಲ ಹಿಡಿ ಮಣ್ಣು ಬೀಳುವಾಗ ಆತ ಅಣ್ಣನ ಎದೆಯನ್ನೇ ನೋಡುತ್ತಿದ್ದ, ಮುಖವನ್ನಲ್ಲ.

ಮಾತು ಹುಟ್ಟಿದ್ದು ಆಮೇಲೆ. ಅಣ್ಣ ತೂಕಡಿಸಿದ, ಅದಕ್ಕೇ ಹೀಗಾಯಿತು ಎಂದು ಆತ ಪೊಲೀಸರಿಗೆ ಹೇಳಿದ್ದ. ಜನ್ನಾಪುರದ ಹೆಂಗಸೂ, ಅಣ್ಣನೇ ಬಸ್ಸು ಬಿಡುತ್ತಿದ್ದ ಎಂದು ಹೇಳಿಕೆ ಕೊಟ್ಟಿದ್ದಳು. ಠಾಣೆಗೆ ಅಷ್ಟು ಸಾಕಾಗಿತ್ತು. ತೂಕಡಿಕೆ ಪೇಟೆಗೆ ಬರುವಷ್ಟರಲ್ಲಿ ಕುಡಿತ ಆಯಿತು. ಅಣ್ಣ ಹೆಂಡದಂಗಡಿಯ ಬೀದಿಯಲ್ಲಿ ನಡೆಯುತ್ತಲೂ ಇರಲಿಲ್ಲ. ಒಂದು ಬೆಳಗ್ಗೆ ಅತ್ತಿಗೆ ನಲ್ಲಿಯಿಂದ ಅರ್ಧ ಕೊಡ ನೀರು ತಂದು ಕೆಳಗಿಟ್ಟು ಗೋಡೆ ಕಡೆ ತಿರುಗಿ ಕೂತಳು.

"ಯಾಕೆ ಅತ್ತಿಗೆ, ನೀರು ನಿಂತು ಹೋಯ್ತಾ?"

"ನೀರು ಬರ್ತಿದೆ. ಜನಾನೂ ಬರ್ತಿದಾರೆ. ಎದೆ ಮೇಲೆ ಲಿಂಗ, ಹೊಟ್ಟೇಲಿ ಹೆಂಡ ಇದ್ರೆ ಬಸ್ಸು ಇನ್ನೇನಾಗುತ್ತೆ ಅಂತ ನನ್ನ ಮುಂದೇನೇ ಅಂದ್ರು."

ಅವ್ವ ಅಲ್ಲೇ ಕಾಯಿ ತುರಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನಾಲ್ಕು ದಿನ ಅಂತಾರೆ, ಸುಮ್ಮನಾಗ್ತಾರೆ," ಎಂದಳು. ಮಗನನ್ನು ಕಳೆದುಕೊಂಡ ತಾಯಿ ಇಷ್ಟೇ ಹೇಳಿದಳಲ್ಲ ಎಂದು ಅನಿಸಿತು. ದುಃಖಕ್ಕೆ ಬಾಯಿ ಕಟ್ಟಿದೆ ಎಂದುಕೊಂಡೆ.

ಮಾತಾಡಿಸಲು ಬಂದವರಿಗೆಲ್ಲ ಆತ ನಮ್ಮ ಜಗಲಿಯ ಮೇಲೆ ಕೂತು ಅಂದಿನ ಸಂಜೆಯನ್ನು ಹೇಳುತ್ತಿದ್ದ. ನಾನು ಬಾಗಿಲ ಮರೆಯಲ್ಲಿ ಕೇಳುತ್ತಿದ್ದೆ. ಪ್ರತಿ ಸಲವೂ ಒಂದೇ ಮಾತು, ಒಂದೇ ಕ್ರಮ. "ಊರು ದಾಟಿದ ಮೇಲೆ ಅವನಿಗೆ ಜೊಂಪು ಹತ್ತಿತ್ತು. ಇಳಿಜಾರು ಬಂತು. ಬ್ರೇಕ್ ಹಾಕಿ ಹುಷಾರಾಗೇ ಇಳಿಸಿದ. ಮೋರಿ ದಾಟಿ ಏರಲ್ಲಿ ಗ್ಯಾಸ್ ಕೊಟ್ಟ, ಎಳೀಲಿಲ್ಲ."

ಒಂದು ದಿನ ಆ ಮಾತಿನ ನಡುವೆ ಬ್ರೇಕು ಎಂಬ ಪದ ನನ್ನ ಕಿವಿಗೆ ತಾಗಿತು. ತೂಕಡಿಸುವವನು ಹುಷಾರಾಗಿ ಬ್ರೇಕು ಹಾಕುವುದಿಲ್ಲ. ಎಚ್ಚರವಿದ್ದ ಅಣ್ಣ ಆ ಇಳಿಜಾರಿನಲ್ಲಿ ಬ್ರೇಕು ಮುಟ್ಟುವುದೇ ಇಲ್ಲ. ಆ ಕಾಲು ಪೆಟ್ರೋಲು ಲಾರಿಯವನದು. ಅದನ್ನು ಹೇಳುತ್ತಿದ್ದವನಿಗೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಾಕಿದ್ದೇ ತಪ್ಪು ಎಂಬುದು ಆಗಲೂ ಆತನ ತಲೆಗೆ ಹೋಗಿರಲಿಲ್ಲ.

ಆಗ ಹುಳದ ನೆನಪಾಯಿತು. ಪೆಟ್ಟಿಗೆಯಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟಿದ್ದೆ. ತೆಗೆದು ಸೆರಗಿಗೆ ಕಟ್ಟಿಕೊಂಡೆ. ಬಂದವರು ಎದ್ದು ಹೋಗುವವರೆಗೆ ಕಾದು ಜಗಲಿಗೆ ಹೋದೆ. ಗೊತ್ತಾದ ಗಂಡಿನೊಂದಿಗೆ ಹೆಣ್ಣು ಎದುರು ನಿಂತು ಮಾತಾಡುವ ಕಾಲವಲ್ಲ ಅದು. ಕಂಬದ ಪಕ್ಕದಲ್ಲಿ ನಿಂತೆ.

"ಡಬ್ಬೀಲಿ ಕಣ್ಣಿತ್ತು," ಎಂದೆ.

"ಇದೆ. ನಿನಗೇ ಇಟ್ಟಿದ್ದೀನಿ."

"ಕಂಬ ಇತ್ತು. ಎದ್ದು ಕೂರೋಕೆ. ತಾಯಿ ಥರ ಕಾಯೋ ಗಂಟಿತ್ತು. ಅಷ್ಟೆಲ್ಲ ಇದ್ದು ಅಣ್ಣನ ಎದೆ ಮೇಲೆ ಇದನ್ನೇ ಯಾಕೆ ಇಟ್ರಿ?"

ಸೆರಗು ಬಿಚ್ಚಿ ತೋರಿಸಿದೆ. ಆತ ಹುಳವನ್ನು ನೋಡಿದ. ಮಣ್ಣಿನ ಕೆಳಗಿದೆ ಎಂದುಕೊಂಡಿದ್ದ ವಸ್ತು ಹಗಲಿನಲ್ಲಿ ಕಂಡರೆ ಮುಖ ಹೇಗಾಗುತ್ತದೆಂದು ನಾನು ಆಗ ಕಂಡೆ. ಮೊದಲು ತುಟಿ ಬಿಳುಪೇರಿತು.

"ಕೈಗೆ ಸಿಕ್ಕಿದ್ದು ಇಟ್ಟೆ."

"ನಾಲ್ಕೂ ಒಂದೇ ಡಬ್ಬೀಲಿದ್ವು. ಇದು ಎದೆ ಬಾಯಿ ಮುಚ್ಚಿಸೋದು ಅಂತ ಹೇಳಿದ್ದು ನೀವೇ. ನಮ್ಮಣ್ಣನ ಎದೆ ಏನು ಹೇಳ್ತಿತ್ತು?"

"ನೀನು ಮೇಷ್ಟ್ರ ಥರ ಪ್ರಶ್ನೆ ಕೇಳಬೇಡ," ಎಂದ. ಆಮೇಲೆ ದನಿ ತಗ್ಗಿಸಿ, "ಅವನು ಹೋದ. ನಾನಿದ್ದೀನಿ. ನೀನಿದ್ದೀಯ. ಅಷ್ಟು ನೋಡು," ಎಂದ.

ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ತಿಳಿಯದು. "ಸತ್ತ ಮನೇಲಿ ಹುಳ ಹುಪ್ಪಟೆ ಮಾತು ಯಾಕೆ? ಒಳಗೆ ನಡಿ," ಎಂದು ನನಗೆ ಗದರಿದಳು. ಆತ ನನ್ನ ಕೈಯಿಂದ ಹುಳವನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ಹೊರಟು ಹೋದ.

ಎಷ್ಟೋ ವರ್ಷಗಳ ಮೇಲೆ ಆ ದೇಶದ ನಂಬಿಕೆಗಳ ಬಗ್ಗೆ ಬರೆದದ್ದನ್ನು ವಾಚನಾಲಯದಲ್ಲಿ ಕೂತು ಓದಿದೆ. ಆತ ಹೇಳಿದ್ದರಲ್ಲಿ ಹೆಚ್ಚಿನದು ಸರಿಯಾಗಿತ್ತು. ಒಂದನ್ನು ಮಾತ್ರ ಆತ ತಪ್ಪು ತಿಳಿದಿದ್ದ. ಹುಳ ಕಾಯುವುದು ಅದನ್ನು ಎದೆಯ ಮೇಲೆ ಇಟ್ಟುಕೊಂಡವನನ್ನು. ಅವನ ಗುಂಡಿಗೆ ಅವನ ತಪ್ಪನ್ನೇ ಹೇಳದಿರಲಿ ಎಂಬುದಕ್ಕೆ ಅದು. ಇನ್ನೊಬ್ಬ ಮಾಡಿದ್ದನ್ನು ಸತ್ತವನು ಹೇಳದಂತೆ ತಡೆಯುವ ತಾಯಿತ ಅವರಲ್ಲಿ ಇರಲಿಲ್ಲ. ಅಂಥದೊಂದು ಬೇಕಾಗಬಹುದೆಂದು ಅವರಿಗೂ ತೋಚಿರಲಿಲ್ಲವೇನೋ. ತಾನು ಕಟ್ಟಿಕೊಳ್ಳಬೇಕಾದ ತಾಯಿತವನ್ನು ಆತ ಅಣ್ಣನಿಗೆ ಕಟ್ಟಿದ್ದ. ಅಣ್ಣ ತಕ್ಕಡಿಯ ಮುಂದೆ ನಿಂತಿದ್ದರೂ ಅವನಿಗೆ ಅದರ ಅಗತ್ಯ ಇರಲಿಲ್ಲ.

ಇದು ಆಮೇಲಿನ ತಿಳಿವಳಿಕೆ. ಆಗ ನನಗೆ ಬೇಕಾಗಿದ್ದದ್ದು ಕಣ್ಣಾರೆ ಕಂಡವರ ಮಾತು. ಶಾಲೆಗೆ ರಜೆ ಹಾಕಿ ಭದ್ರಾವತಿಗೆ ಹೋದೆ. ಜನ್ನಾಪುರದಲ್ಲಿ ತರಕಾರಿಯವಳ ಮನೆ ಕೇಳಿದರೆ ಎಲ್ಲರೂ ತೋರಿಸಿದರು. ಗಂಡ ಕಾರ್ಖಾನೆಯಲ್ಲಿ ಕೂಲಿ. ತಮಿಳು ಮಾತಾಡುವ ಜನ. ಅವಳ ಬಲಗೈ ಮುರಿದು ಬಿದಿರಿನ ದಬ್ಬೆ ಕಟ್ಟಿದ್ದರು. ಎಡಗೈಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ನಾನು ಡ್ರೈವರನ ತಂಗಿ ಎಂದ ಕೂಡಲೇ ಮಣೆ ಸರಿಸಿದಳು.

"ಮದುವೆ ಹೆಣ್ಣು ನೀನೇ ತಾನೆ? ಬಾ ಕಣ್ಣು, ಕೂತ್ಕೋ. ಎಲ್ಲ ಸರಿ ಹೋಯ್ತಾ?"

"ಏನು ಸರಿ ಹೋಗಬೇಕಿತ್ತು?"

ಅವಳು ನನ್ನ ಮುಖ ನೋಡಿದಳು. "ನೀವು ಕೇಳಿದ ಹಾಗೇ ಹೇಳಿದ್ದೀನಲ್ಲಮ್ಮಾ ಪೊಲೀಸ್ನೋರ ಹತ್ರ."

"ನಾವು ಏನು ಕೇಳಿದ್ವಿ?"

"ಅಯ್ಯೋ, ನಿನಗೆ ಹೇಳಿಲ್ವಾ?" ಎಂದು ಸೊಪ್ಪಿನ ಕಟ್ಟು ಕೆಳಗಿಟ್ಟಳು. ಆಮೇಲೆ ಅವಳೇ ಒಂದೊಂದಾಗಿ ಹೇಳಿದಳು. ಹೊಳೆಹೊನ್ನೂರು ಬಿಡುವಾಗ ಬಸ್ಸು ಬಿಡುತ್ತಿದ್ದವನು ಅಣ್ಣ. ಊರು ದಾಟಿದ ಮೇಲೆ ಗೆಳೆಯ, "ಒಂದು ಕೈ ನೋಡ್ತೀನಿ ಕೊಡೋ," ಎಂದು ಕೇಳಿದ. ಅಣ್ಣ ನಗುತ್ತ ಜಾಗ ಬಿಟ್ಟುಕೊಟ್ಟ. ಇಳಿಜಾರು ಬಂದಾಗ, "ಬ್ರೇಕ್ ಬೇಡ, ಬಿಡೋ, ಬಿಡೋ," ಎಂದು ಅಣ್ಣ ಕೂಗಿದ. ಅವಳಿಗೆ ನೆನಪಿದ್ದ ಕೊನೆಯ ಮಾತು ಅದು.

"ಮತ್ತೆ ಠಾಣೇಲಿ ಯಾಕೆ ಹಾಗೆ ಹೇಳಿದ್ರಿ?"

"ನಿನ್ನ ಮದುವೆ ಆಗೋರು ಆಸ್ಪತ್ರೆಗೆ ಬಂದು ಕಾಲು ಹಿಡ್ಕೊಂಡ್ರು. ನಾನು ಆಗಲ್ಲ ಅಂದೆ, ಸತ್ತೋನ ಮೇಲೆ ಹಾಕೋದು ಪಾಪ ಅಂದೆ. ಮಾರನೇ ದಿನ ನಿಮ್ಮ ಅವ್ವನ್ನ ಕರ್ಕೊಂಡು ಬಂದ್ರು."

"ಯಾರನ್ನ?"

"ನಿಮ್ಮ ಅವ್ವನ್ನ. ಹಣೆ ತುಂಬ ಬೂದಿ, ಬಿಳೀ ಕೂದಲು. ಅವರೇ ಹೇಳಿದ್ರು, ನನ್ನ ಮಗ ಹೋದ, ಅಳಿಯನೂ ಜೈಲಿಗೆ ಹೋದ್ರೆ ನನ್ನ ಮಗಳ ಬಾಳು ಮುಗೀತು, ನೀನೂ ಹೆಣ್ಣು ಹೆತ್ತೋಳು, ಅಂತ. ಹೆತ್ತ ತಾಯೀನೇ ಕೇಳಿದ ಮೇಲೆ ನಾನು ಯಾರಮ್ಮಾ ಬೇಡ ಅನ್ನೋಕೆ? ನಿನಗೋಸ್ಕರ ಹೇಳ್ದೆ."

ನಾನು ಅಲ್ಲಿಂದ ಹೇಗೆ ಬಸ್ಸು ಹತ್ತಿದೆ ಎಂಬುದು ನೆನಪಿಲ್ಲ. ಉಳಿದದ್ದೆಲ್ಲ ನೆನಪಿದೆ.

ಅವ್ವ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಣ್ಣನ ಖಾಕಿ ಅಂಗಿ ಒಗೆದು ಹಿಂಡಿ ಕೊಡವುತ್ತಿದ್ದಳು. ಅತ್ತಿಗೆ ಒಳಗಿದ್ದಳು.

"ಜನ್ನಾಪುರಕ್ಕೆ ಹೋಗಿದ್ದೆ," ಎಂದೆ.

ಅವ್ವ ಅಂಗಿಯನ್ನು ತಂತಿಯ ಮೇಲೆ ಹಾಕಿ, ತೋಳುಗಳನ್ನು ಎಳೆದು ಸರಿಮಾಡಿದಳು. "ಗೊತ್ತಾಯ್ತಲ್ಲ, ಬಿಡು," ಎಂದಳು.

"ಅವ್ವಾ, ಅತ್ತಿಗೆ ದಿನಾ ಬೀದೀಲಿ ಮಾತು ತಿಂದು ಬರ್ತಾಳೆ. ನೀನು ಪಕ್ಕದಲ್ಲೇ ಕೂತು ಕಾಯಿ ತುರೀತಿದ್ದೆ."

"ತುರೀತಿದ್ದೆ. ಇನ್ನೇನು ಮಾಡ್ಲಿ? ಅವನು ನನ್ನ ಹೊಟ್ಟೇಲಿ ಹುಟ್ಟಿದೋನು. ಅವನು ಕುಡಿದಿರಲಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನಿಗೆ ಈಗ ಯಾವ ಮಾತೂ ತಾಗಲ್ಲ. ನಿನಗೆ ತಾಗುತ್ತೆ. ಮನೇಲಿ ಗಂಡಸಿಲ್ಲ. ಇದ್ದ ಇನ್ನೊಬ್ಬನ್ನೂ ಜೈಲಿಗೆ ಕಳಿಸಿ ನಿನ್ನ ಯಾರ ಕೈಲಿಡ್ಲಿ?"

"ನನ್ನ ಕೇಳಿದ್ಯಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಇದನ್ನು ಹೇಳುವಾಗ ಅವ್ವ ಅಳಲಿಲ್ಲ. ಆತನ ಸುಳ್ಳನ್ನು ನಾನು ಹೇಗೋ ತಡೆದುಕೊಂಡಿದ್ದೆ. ಹೆದರಿದವನ ಸುಳ್ಳು ಅದು. ಅವ್ವನದು ನನ್ನ ಹೆಸರಿನಲ್ಲಿ, ನನಗಾಗಿ, ನನ್ನನ್ನು ಕೇಳದೆ ಹೇಳಿಸಿದ ಸುಳ್ಳು. ಅಣ್ಣನ ಹೆಸರನ್ನು ಕೊಟ್ಟು ನನಗೆ ಗಂಡನನ್ನು ತಂದಿದ್ದಳು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. ಅವಳು ತಂತಿಯ ಹತ್ತಿರ ಬಂದು, ಹಸಿಯಾಗಿಯೇ ಇದ್ದ ಗಂಡನ ಅಂಗಿಯನ್ನು ತೆಗೆದುಕೊಂಡು ಒಳಗೆ ಹೋದಳು.

ವೀಳ್ಯ ವಾಪಸು ಮಾಡುವುದಾಗಿ ನಾನೇ ಆತನ ಮನೆಗೆ ಹೇಳಿ ಕಳಿಸಿದೆ. ಆತ ಬಂದು ಕೇಳಲೂ ಇಲ್ಲ. ಭದ್ರಾವತಿಯ ಕೆಲಸಕ್ಕೆ ಸೇರಿಕೊಂಡ. ಠಾಣೆಗೂ ಹೋದೆ. ಹೇಳಿಕೆ ಕೊಟ್ಟವರೇ ಬಂದು ಬದಲಾಯಿಸಬೇಕು ಎಂದರು. ತರಕಾರಿಯವಳು ಅದಕ್ಕೆ ಒಪ್ಪಲಿಲ್ಲ. ಸುಳ್ಳು ಹೇಳಿದ್ದಕ್ಕೆ ತನ್ನನ್ನೇ ಒಳಗೆ ಹಾಕುತ್ತಾರೆ ಎಂದು ಗಂಡ ಹೆದರಿಸಿದ್ದ. "ಠಾಣೆಗೆ ಬರಲ್ಲಮ್ಮಾ. ಆ ಸತ್ತ ರೈತನ ಮನೆಗೆ ಬೇಕಾದ್ರೆ ಬರ್ತೀನಿ. ಅಲ್ಲಿ ಹೇಳ್ತೀನಿ," ಎಂದಳು.

ಹಾಗೆ ನಾನು, ಅತ್ತಿಗೆ, ತರಕಾರಿಯವಳು, ಮೂವರು ಹೆಂಗಸರು ಹೊಳೆಹೊನ್ನೂರಿಗೆ ಹೋದೆವು. ಮೋರಿಯ ಹತ್ತಿರ ಅತ್ತಿಗೆ ಕಿಟಕಿಯಿಂದ ಹೊರಗೆ ನೋಡಲಿಲ್ಲ. ಹೊಸ ಡ್ರೈವರು ಓಟದಲ್ಲೇ ಇಳಿಸಿ ಓಟದಲ್ಲೇ ಏರು ಹತ್ತಿಸಿದ.

ರೈತನ ಹೆಂಡತಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನಾವು ಯಾರೆಂದು ತಿಳಿದ ಮೇಲೆ ಕೂರಿ ಎನ್ನಲಿಲ್ಲ. ನೀರೂ ಕೊಡಲಿಲ್ಲ.

"ಕುಡುಕನ ಮನೆಯೋರು ಯಾವ ಮುಖ ಹೊತ್ತು ಬಂದ್ರಿ?" ಎಂದಳು.

"ನಮ್ಮಣ್ಣ ಕುಡೀತಿರಲಿಲ್ಲ. ಅವತ್ತು ಬಸ್ಸು ಬಿಡ್ತಿದ್ದೋನೂ ಅವನಲ್ಲ," ಎಂದೆ.

"ನೀನು ನೋಡಿದ್ಯಾ?"

"ನಾನು ನೋಡಿಲ್ಲ. ಇವರು ನೋಡಿದಾರೆ."

ತರಕಾರಿಯವಳು ತನ್ನ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ನನಗೆ ಹೇಳಿದ್ದನ್ನೇ ನಿಂತಲ್ಲೇ ಹೇಳಿದಳು. ಠಾಣೆಯಲ್ಲಿ ಬೇರೆ ಹೇಳಿದ್ದನ್ನೂ ಹೇಳಿದಳು. ಯಾರು ಕೇಳಿಕೊಂಡರು ಎಂಬಲ್ಲಿಗೆ ಬಂದಾಗ ನನ್ನ ಕಡೆ ನೋಡಿ ನಿಲ್ಲಿಸಿದಳು.

"ನಮ್ಮ ಅವ್ವ ಕೇಳಿಕೊಂಡಿದ್ದು," ಎಂದೆ ನಾನು.

ರೈತನ ಹೆಂಡತಿ ಭತ್ತ ಹರವುವ ಕೋಲನ್ನು ಗೋಡೆಗೆ ಒರಗಿಸಿದಳು. "ಬಸ್ಸು ಬಿಟ್ಟೋನು ಯಾರು ಮತ್ತೆ?"

"ನಾನು ಮದುವೆ ಆಗಬೇಕಿದ್ದೋರು."

"ಆಗ್ತೀಯಾ?"

"ಇಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ನಂಬಿದಳೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಆಮೇಲೆ ಅತ್ತಿಗೆಯ ಕಡೆ ತಿರುಗಿದಳು. "ನೀನೇನಾ ಅವನ ಹೆಂಡ್ತಿ?"

ಅತ್ತಿಗೆ ತಲೆಯಾಡಿಸಿದಳು.

"ಒಳಗೆ ಬಾ. ಬಿಸಿಲಲ್ಲಿ ನಿಂತಿದ್ದೀಯ."

ಅತ್ತಿಗೆ ಹೊಸ್ತಿಲು ದಾಟಿ ಒಳಗೆ ಹೋದಳು. ನನ್ನನ್ನು ರೈತನ ಹೆಂಡತಿ ಕರೆಯಲಿಲ್ಲ. ನಾನೂ ತರಕಾರಿಯವಳೂ ಜಗಲಿಯ ಅಂಚಿನಲ್ಲಿ ಕೂತೆವು. ಒಳಗೆ ಇಬ್ಬರು ವಿಧವೆಯರು ಮಾತಾಡುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಮಾತು ಏನೆಂದು ತಿಳಿಯುತ್ತಿರಲಿಲ್ಲ.